ಮೇಲೇಳುವ ಕೈಮರ

ತೊಂಬತ್ತರ ದಶಕದಲ್ಲಿ ಒಂದು ವರ್ಷ ಪರದೇಶದ ಸ್ಟರ್ಲಿಂಗ್ ಊರಲ್ಲಿ, ನನ್ನ ಮಗಳ ಮನೆಯಲ್ಲಿದ್ದೆ. ಹತ್ತಿರದ ಸಣ್ಣ ಊರೊಂದರಲ್ಲಿ ರೈಲು ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದರು. ಹಳೆಯ ನಿಲ್ದಾಣ ಮ್ಯೂಸಿಯಂ ಆಗಿ ಉಳಿದಿತ್ತು. ಮೂವತ್ತು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದ ನನಗೆ ಅಲ್ಲಿ ಸಂಬಳವಿಲ್ಲದ ಕೆಲಸವಾದರೂ ಸಿಗಲಿ ಎಂಬ ಆಸೆ.

ಅದನ್ನು ನೋಡಿಕೊಳ್ಳುತ್ತಿದ್ದ ಮುದುಕರೂ ರೈಲ್ವೆಯವರೇ. ಕೆಲಸ ಕೇಳಿದಾಗ, ಪರೀಕ್ಷೆಗೆಂದು ಅಂಗಳದ ಸಿಗ್ನಲ್ ಕೈಮರಕ್ಕೆ ಬಣ್ಣ ಬಳಿದು, ರೈಲು ಹೊರಡುವ ಸಂಕೇತಕ್ಕೆ ಅದರ ತೋಳನ್ನು ನಿಲ್ಲಿಸಲು ಹೇಳಿದರು. ಬಣ್ಣ ಒಣಗಿದ ಮೇಲೆ ನಮ್ಮ ಕಡೆಯಂತೆ ತೋಳನ್ನು ಕೆಳಕ್ಕೆ ಬಾಗಿಸಿದೆ.

ಅವರು ನೋಡಿ ಜೋರಾಗಿ ನಕ್ಕರು. ಜೊತೆಗೆ ಬಂದಿದ್ದ ಮಗಳು, ನನಗೆ ಹಿಡಿಯದ ಉಚ್ಚಾರದ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದಳು: "ಅಪ್ಪ, ಇಲ್ಲಿ ಹೊರಡೋಕೆ ಕೈ ಮೇಲೇಳ್ಬೇಕಂತೆ. ನೀವು ಇಡೀ ಟ್ರೇನ್‌ನೇ ಕನ್‌ಫ್ಯೂಸ್ ಮಾಡಿದ್ರಿ!"

"ಯಾಕೆ ಮೇಲೆ? ಕೇಳಮ್ಮ."

"ಹಿಮ ಕೂತು ಭಾರಕ್ಕೆ ಕೈ ಜಗ್ಗಿದ್ರೆ, ಅದು ತಾನೇ ಅಡ್ಡಕ್ಕೆ, ಅಂದ್ರೆ ನಿಲ್ಲು ಅನ್ನೋ ಕಡೆ ಬರತ್ತಂತೆ. ಕೆಳಗೆ ಬೀಳೋ ಥರ ಇದ್ರೆ ಸುಮ್‌ಸುಮ್ನೆ ಹೋಗು ಅನ್ನತ್ತಂತೆ."

ನಮ್ಮ ಸ್ಟೇಷನ್‌ನಲ್ಲಿ ಹಿಮದ ಚಿಂತೆಯೇ ಇರಲಿಲ್ಲ. ವಾದ ಮಾಡದೆ ಏಣಿ ಹತ್ತಿ ತೋಳನ್ನು ಮೇಲಕ್ಕೆತ್ತಿ ಬಿಗಿದೆ. ಕೆಲಸ ತಪ್ಪಿತೆಂದೇ ಎಣಿಸಿ ಕೆಳಗಿಳಿದರೆ, ಅವರು ಕೈ ಕುಲುಕಿ, "ಶನಿವಾರ, ಹತ್ತು ಗಂಟೆಗೆ" ಎಂದರು.

ಶನಿವಾರ ಒಂಬತ್ತೂಮುಕ್ಕಾಲಿಗೇ ಹೋದೆ. ಅವರಾಗಲೇ ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿದ್ದರು.