ಬಂದ್ ದಿನದ ಯಜಮಾನ

ನಮ್ಮ ಯಜಮಾನರು ಕುರ್ಚಿಯಲ್ಲಿ ಕೂರುವುದನ್ನು ನೋಡಬೇಕಿತ್ತು. ಎರಡೂ ಅಂಗೈಗಳನ್ನು ಮಂಡಿಗೆ ಒತ್ತಿ, ಹೊಟ್ಟೆಯನ್ನು ಮೇಜಿನಿಂದ ಆಚೆ ಸರಿಸಿ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿರುವಾಗ ನಿಧಾನವಾಗಿ ಕುಸಿಯುತ್ತಿದ್ದರು. ಕುರ್ಚಿ ಕಿರ್ರೆನ್ನುತ್ತಿತ್ತು. ಅದರ ಹಿಂದೆಯೇ "ಅಪ್ಪಾಡಾ!" ಎಂಬ ಉದ್ದನೆಯ ಉಸಿರು. ನಾವಾದರೆ "ಉಸ್ಸಪ್ಪಾ" ಎನ್ನುತ್ತೇವೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲಿ, ನಮ್ಮನ್ನು ಬೈಯುತ್ತಿದ್ದದ್ದು ಅಪ್ಪಟ ದಾಸರಹಳ್ಳಿ ಕನ್ನಡದಲ್ಲಿ. ಉಸಿರು ಬಿಡುವುದು ಮಾತ್ರ ತಮಿಳಿನಲ್ಲಿ.

ಪೀಣ್ಯದಲ್ಲಿ ಅವರದೊಂದು ಶೆಡ್ಡಿತ್ತು. ನಾಲ್ಕಾರು ಲೇತ್ ಮಷೀನು, ಪಂಪಿಗೆ ಹಾಕುವ ಬುಷ್ ತಯಾರಿ. ಡಿಪ್ಲೊಮಾ ಅರ್ಧಕ್ಕೇ ಬಿಟ್ಟು ನಮ್ಮೂರು ಮಾಕಳಿಯಲ್ಲಿ ಕಟ್ಟೆ ಕಾಯುತ್ತಿದ್ದ ನನ್ನನ್ನು ಕರೆದು ಕೆಲಸ ಕೊಟ್ಟವರು ಅವರು. ಡ್ರಾಯಿಂಗ್ ಓದುವುದನ್ನು ಕಲಿಸಿದರು, ಆಮೇಲೆ ಆಫೀಸನ್ನೇ ನನ್ನ ಕೈಗೆ ಬಿಟ್ಟರು. ಎಂಥ ಅರ್ಜೆಂಟ್ ಆರ್ಡರ್ ಇದ್ದರೂ ಅವರ ಮೊದಲ ಮಾತು "ತಿಂಡಿ ಆಯ್ತೇನೋ?" ಎಂದೇ. ಆಗಿಲ್ಲ ಎಂದರೆ ನಾನು ಏನೋ ಅಪರಾಧ ಮಾಡಿದೆನೆಂಬಂತೆ ಬೈಯುತ್ತಿದ್ದರು. ಶೆಡ್ಡಿನ ಹಿಂದಿನ ಕೋಣೆಗಳಲ್ಲಿ ಬಿಜಾಪುರದ ಕಡೆಯ ಹುಡುಗರು ಇದ್ದರು. ವಿಭೂತಿ ನೋಡಿ ಇವರು ತಮ್ಮವರೇ ಎಂದುಕೊಂಡು ಬೆಳಿಗ್ಗೆ "ಶರಣ್ರೀ ಯಜಮಾನ್ರ" ಎನ್ನುತ್ತಿದ್ದರು. ಇವರೂ "ಶರಣು ಶರಣು" ಎಂದು ಗಂಭೀರವಾಗಿ ತಲೆಯಾಡಿಸಿ, ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದರು.

ನಮ್ಮಪ್ಪನಿಗೆ ಮಾತ್ರ ಅವರನ್ನು ಕಂಡರಾಗುತ್ತಿರಲಿಲ್ಲ. ಕಂಡಿದ್ದಾದರೂ ಎಲ್ಲಿ? ಸುಮ್ಮನೆ ಹೊಟ್ಟೆಯುರಿ. "ನಮ್ಮ ವೊಲದ್ ಮ್ಯಾಲೆ ಶೆಡ್ ಕಟ್ಟಿ ನಮ್ ಮಕ್ಕಳನ್ನೇ ಕೆಲ್ಸಕ್ ಮಡಿಕ್ಕಂಡವ್ರೆ. ಎಲ್ಲಿಂದ್ಲೋ ಬಂದೋರು ಯಜಮಾನ್ರಾದ್ರು, ನಾವು ಇಂಗೇ ಉಳ್ಕಂಡ್ವಿ" ಎನ್ನುತ್ತಿದ್ದ. ನಮ್ಮ ಹೊಲ ಹೋದದ್ದು ಇನ್ಯಾರಿಗೋ, ಅದೂ ಅಪ್ಪನೇ ಖುಷಿಯಿಂದ ರುಜು ಹಾಕಿ. ಆದರೂ ದಿನಾ ಊಟದ ಜೊತೆ ಆ ಮಾತನ್ನೂ ತಿಂದು ಬೆಳೆದವನು ನಾನು.

ಬಂದ್ ಬರುತ್ತದೆಂದರೆ ಯಜಮಾನರು ಹಬ್ಬಕ್ಕೆ ಮನೆ ಸಾರಿಸುವವರಂತೆ ಓಡಾಡುತ್ತಿದ್ದರು. ಕಾರ್ಖಾನೆಗಳ ಸಂಘದಿಂದ ವಾಟ್ಸಾಪ್ ಬರುತ್ತಿತ್ತು, ಬೀಟ್ ಪೊಲೀಸಿನವರು ಬಂದು "ಸಾರ್, ನಾಳೆ ಮೆರವಣಿಗೆ ಈ ಕಡೆನೂ ಬರ್ಬೋದು, ಹುಷಾರು" ಎಂದು ಹೇಳಿ ಹೋಗುತ್ತಿದ್ದರು. ಇವರು ಕಿಟಕಿಯ ಗಾಜಿಗೆ ತಗಡು ಅಡ್ಡ ಇಡಿಸುವರು. ಹುಡುಗರಿಗೆ ಎರಡು ಹೊತ್ತಿನ ಅಕ್ಕಿ, ಬೇಳೆ, ಸಿಲಿಂಡರು ಇದೆಯೇ ಎಂದು ನೋಡುವರು. ಅಕ್ಕಪಕ್ಕದ ಶೆಡ್ಡುಗಳಿಗೂ ಹೋಗಿ ಬುದ್ಧಿ ಹೇಳಿ ಬರುವರು. ಪೂರ್ತಿ ಬೀಗ ಹಾಕಬಾರದು ಎಂಬುದು ಅವರ ಸಿದ್ಧಾಂತ. "ಬೀಗ ನೋಡಿದ್ರೆ ಕಲ್ಲು ಎತ್ಕೋತಾರೆ, ಮನುಷ್ಯನ್ನ ನೋಡಿದ್ರೆ ಮಾತಾಡ್ತಾರೆ. ಅರ್ಧ ಶಟರ್ ಇಳ್ಸು, ಮಷೀನ್ ಆಫ್ ಮಾಡು, ಮುಂದೆ ಒಬ್ಬ ಕೂತಿರ್ಲಿ" ಎನ್ನುತ್ತಿದ್ದರು. ಜೊತೆಗೊಂದು ಡ್ರಮ್ಮು ಮಜ್ಜಿಗೆ. ಯಾರಿಗೆ ಎಂದು ಕೇಳಿದರೆ, "ಕಲ್ಲು ಹೊಡೆಯೋನಿಗೂ ಬಾಯಾರತ್ತೆ ಕಣೋ."

ನದಿ ನೀರಿನ ವಿಷಯಕ್ಕೆ ಬಂದ್ ಎಂದಾಗ ಮಾತ್ರ ತಯಾರಿ ಬೇರೆ. ಆಗ ಅವರ ತಾತನ ಊರಿನ ತಮಿಳು ದೇವರ ಹೆಸರಿದ್ದ ಶೆಡ್ಡಿನ ಬೋರ್ಡಿಗೆ ಗೋಣಿತಾಟು ಹೊದಿಸುತ್ತಿದ್ದೆವು. ಗೋಡೆಯ ತಮಿಳು ಕ್ಯಾಲೆಂಡರು ಟೂಲ್ಸ್ ಬೀರು ಸೇರುತ್ತಿತ್ತು. ಅವರು ಹೆಲ್ಪರ್‌ಗಳ ಖಾಕಿ ಅಂಗಿ ತೊಟ್ಟು ಹಿಂದೆ ಹೋಗುತ್ತಿದ್ದರು. ನಾನು ಇಸ್ತ್ರಿ ಶರ್ಟು ಹಾಕಿ ಅವರ ಕುರ್ಚಿಯಲ್ಲಿ ಕೂರಬೇಕು. ಯೋಜನೆ ಅವರದೇ. "ನೀನು ಮಾಕಳಿಯೋನು. ನಿಮ್ಮಪ್ಪನ ಹೆಸರು ಹೇಳಿದ್ರೆ ಬಂದೋರಲ್ಲಿ ಅರ್ಧ ಜನ ನೆಂಟರಾಗ್ತಾರೆ. ಒಂದಿನದ ಮಟ್ಟಿಗೆ ನೀನೇ ಓನರ್ರು. ಸಂಜೆ ಕುರ್ಚಿ ವಾಪಸ್ ಕೊಡ್ಬೇಕು ಮತ್ತೆ!"

ತಮಾಷೆ ಎಂದರೆ, ಅದಕ್ಕೆ ರಿಹರ್ಸಲ್ ಬೇರೆ. ನನಗೆ ಅವರನ್ನು ಏಕವಚನದಲ್ಲಿ ಕರೆಯಲು ನಾಲಿಗೆಯೇ ತಿರುಗುತ್ತಿರಲಿಲ್ಲ. "ಮಜ್ಜಿಗೆ ತಗೊಂಡ್ ಬನ್ನಿ... ಬಾ..." ಎಂದು ತಡವರಿಸಿದರೆ ಹಣೆ ಚಚ್ಚಿಕೊಳ್ಳುವರು.

"ಬನ್ನಿ ಅಂದ್ರೆ ಸಿಕ್ಕಾಕೋತೀವಿ ಕಣೋ! ಹೆಲ್ಪರ್‌ನ ಯಾರಾದ್ರೂ ಬನ್ನಿ ಅಂತಾರೇನೋ? 'ಬಾರೋ' ಅನ್ನು. ಗಂಟಲು ಬಿಟ್ಟು ಅನ್ನು."

"ಬಾರೋ" ಎಂದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅಂಥದೊಂದು ಬಂದ್ ದಿನ ಶೆಡ್ಡಿನೊಳಗೆ ಹೊಸೂರಿನ ಗಿರಾಕಿಯ ಲಾರಿ ಸಿಕ್ಕಿಕೊಂಡಿತ್ತು. ಹಿಂದಿನ ದಿನ ಮಾಲು ತುಂಬಿಸುವುದು ತಡವಾಗಿ ಹೊರಡಲಾಗಿರಲಿಲ್ಲ. ತಮಿಳುನಾಡಿನ ನಂಬರ್ ಪ್ಲೇಟಿಗೆ ಟಾರ್ಪಾಲು ಇಳಿಬಿಟ್ಟಿದ್ದೆವು. ಡ್ರೈವರನನ್ನು ಹುಡುಗರ ಕೋಣೆಯಲ್ಲಿ ಕೂರಿಸಿ ಬಾಯಿ ಬಿಡಬೇಡಪ್ಪಾ ಎಂದಿದ್ದೆವು. ಅವನು ಹೆದರಿ ಬಿಳುಚಿಕೊಂಡಿದ್ದ. ಯಜಮಾನರಿಗೆ ತಮ್ಮ ಶೆಡ್ಡಿಗಿಂತ ಆ ಡ್ರೈವರನ ಚಿಂತೆ. "ನಂಬಿ ಬಂದೋನು. ಅವನ ಕೂದ್ಲು ಕೊಂಕಬಾರ್ದು ಕಣೋ" ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು.

ಮಧ್ಯಾಹ್ನ ಶಾಲು ಹೊದ್ದ ಗುಂಪು ಬಂತು. ಮುಂದಾಳು ನನ್ನ ವಯಸ್ಸಿನವನೇ. ಶಟರ್ ಅಡಿಯಿಂದ ಬಗ್ಗಿ, "ಏನ್ ಗುರು, ಬಂದ್ ಅಂತ ಗೊತ್ತಿಲ್ವಾ?" ಎಂದ.

"ಗೊತ್ತಿಲ್ದೆ ಏನಣ್ಣ, ಮಷೀನ್ ಎಲ್ಲಾ ಆಫ್. ಬಿಸಿಲಲ್ಲಿ ಬಂದಿದೀರ, ಮಜ್ಜಿಗೆ ಕುಡೀರಿ." ಕಾಲಿನ ಮೇಲೆ ಕಾಲು ಹಾಕಿಕೊಂಡು ಒಳಗೆ ಕೂಗಿದೆ: "ಲೋ, ಮಜ್ಜಿಗೆ ತಗೊಂಬಾರೋ!" ಈ ಸಲ ನಾಲಿಗೆ ತಡವರಿಸಲಿಲ್ಲ.

ಯಜಮಾನರು ಡ್ರಮ್ಮನ್ನು ಎದೆಗವಚಿಕೊಂಡು ತಂದರು. ಭಾರ ಜಾಸ್ತಿ, ವಯಸ್ಸು ಅರವತ್ತರ ಮೇಲೆ. ಬಗ್ಗಿ ಇಳಿಸಿ, ಅಂಗೈಗಳನ್ನು ಮಂಡಿಗೆ ಒತ್ತಿ, ಪಾಪ, ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು: "ಅಪ್ಪಾಡಾ!"

ಲೋಟಕ್ಕೆ ಕೈ ಚಾಚಿದವನೊಬ್ಬ ಹಾಗೆಯೇ ನಿಂತ. "ಏನಂದ ಇವ್ನು? ತಮಿಳೋನಾ?" ಇನ್ನೊಬ್ಬ ಒಳಗೆ, ಲಾರಿಯ ಕಡೆ ಕತ್ತು ಉದ್ದ ಮಾಡಿದ.

ನಾನು ಎದ್ದೆ. ಯಜಮಾನರ ಕತ್ತಿನ ಹಿಂಭಾಗಕ್ಕೆ ಪಟ್ ಎಂದು ಬಾರಿಸಿದೆ. "ಎಷ್ಟ್ ಸಲ ಹೇಳ್ಬೇಕೋ ನಿಂಗೆ? ಆ ತಮಿಳ್ ಪಿಚ್ಚರ್ ನೋಡಿ ನೋಡಿ ಕೆಟ್ಟೋಗಿದೀಯ! ಕನ್ನಡದಲ್ಲಿ ಉಸಿರು ಬಿಡಕ್ಕಾಗಲ್ವೇನೋ ಮುಂಡೇದೇ!"

ಗುಂಪು ಗೊಳ್ಳೆಂದು ನಕ್ಕಿತು. ಮುಂದಾಳು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು, "ಬಿಡು ಗುರು, ವಯಸ್ಸಾದೋರನ್ನ ಹಂಗೆಲ್ಲ ಹೊಡೀತಾರಾ?" ಎಂದ. ಅವರ ಕಡೆ ತಿರುಗಿ, "ತಾತ, ನೀವ್ ಹೋಗಿ ಕೂತ್ಕೊಳ್ಳಿ, ನಾವೇ ಬಗ್ಗಿಸ್ಕೋತೀವಿ" ಎಂದ. ಗುಂಪಿನವರೆಲ್ಲ ಮಜ್ಜಿಗೆ ಕುಡಿದು ಹೊರಟು ಹೋದರು. ಗಲಾಟೆ ಮಾಡಲು ಬಂದವನ ಬಾಯಲ್ಲಿ ಬಹುವಚನ, ಅವರ ಅನ್ನ ಉಂಡವನ ಕೈಯಲ್ಲಿ ಏಟು. ಥೂ ನನ್ನ ಜನ್ಮಕ್ಕೆ!

ಸಂಜೆ ಲಾರಿ ಕ್ಷೇಮವಾಗಿ ಹೊರಟಿತು. ಯಜಮಾನರು ಕತ್ತು ಉಜ್ಜಿಕೊಳ್ಳುತ್ತಾ ನಕ್ಕರು. "ಸರಿಯಾದ್ ಟೈಮಿಗೆ ಹೊಡ್ದೆ. ಆ ಡ್ರೈವರ್ ಹುಡುಗ ಉಳ್ಕೊಂಡ."

"ತಪ್ಪಾಯ್ತು ಸಾರ್..." ಎಂದು ಶುರು ಮಾಡಿದೆ.

"ಏ, ಅದು ಹೆಲ್ಪರ್‌ಗೆ ಬಿದ್ದ ಏಟು ಕಣೋ, ಯಜಮಾನನಿಗಲ್ಲ. ಹೋಗು, ಊಟ ಮಾಡು" ಎಂದು ಮಾತು ಮುಗಿಸಿದರು. ಆಮೇಲೆ ಎಷ್ಟು ಸಲ ಬಾಯಿ ತೆರೆದರೂ ಇದನ್ನೇ ಹೇಳಿ ಕಳಿಸಿದರು.

ಆದರೆ ನನ್ನ ಕೈಗೆ ಗೊತ್ತು. ಏಟು ಬೇಕೇ ಇತ್ತು, ಒಪ್ಪುತ್ತೇನೆ. ನಾಟಕಕ್ಕೆ ಅಷ್ಟು ಜೋರು ಬೇಕಿರಲಿಲ್ಲ. ಬೆಳಿಗ್ಗೆಯಿಂದ ಆ ಕುರ್ಚಿಯಲ್ಲಿ ಕೂತು ನನಗೆ ಹಿತವಾಗಿತ್ತು. ಇದು ನನ್ನದೇ ಆಗಬೇಕಿತ್ತಲ್ಲವೇ ಎಂದೂ ಒಂದು ಗಳಿಗೆ ಅನ್ನಿಸಿತ್ತು. ಕೈ ಎತ್ತಿದವನು ನಾನು, ಅದಕ್ಕೆ ಬಲ ಕೊಟ್ಟದ್ದು ಅಪ್ಪನ ಗೊಣಗಾಟ. ಯಜಮಾನರು ಅಷ್ಟು ವರ್ಷ ಮನುಷ್ಯರನ್ನು ಓದಿದವರು, ಅವರಿಗೆ ಅದು ತಿಳಿಯದೇ ಹೋಯಿತೇ? ತಿಳಿಯಿತು. ಮಾರನೆಯ ದಿನದಿಂದ ಅವರು ನನ್ನೆದುರು "ಅಪ್ಪಾಡಾ" ಎನ್ನಲಿಲ್ಲ. ಕೂರುವರು, ಕುರ್ಚಿ ಕಿರ್ರೆನ್ನುವುದು, ಬಾಯಿ ಅರ್ಧ ತೆರೆಯುವುದು. ನನ್ನನ್ನು ನೋಡಿ "ಶಿವನೇ" ಎನ್ನುವರು. ನಾನು ಆಚೆ ಹೋದ ಮೇಲಾದರೂ ಅನ್ನುತ್ತಾರೇನೋ ಎಂದು ಎಷ್ಟೋ ಸಲ ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಏನೂ ಕೇಳಿಸಲಿಲ್ಲ.

ಹೋದ ವರ್ಷ ಯಜಮಾನರು ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ದಾಸರಹಳ್ಳಿಯ ಅವರ ಮನೆಯ ಮುಂದೆ ಶಾಮಿಯಾನ, ತಮಿಳುನಾಡಿನ ಕಡೆಯಿಂದ ಬಂದ ನೆಂಟರು. ನಾನು ಹಾರ ಹಾಕಿ ಮೂಲೆಯಲ್ಲಿ ನಿಂತಿದ್ದೆ. ಈಗ ಶೆಡ್ಡು ನೋಡಿಕೊಳ್ಳುವ ಅವರ ಮಗಳು ಅಳುತ್ತಲೇ ಬಂದು ನನ್ನನ್ನು ಕೈಹಿಡಿದು ನೆಂಟರ ನಡುವೆ ನಿಲ್ಲಿಸಿದಳು. ಅವರಿಗೆ ತಮಿಳಿನಲ್ಲಿ ಏನೋ ಹೇಳಿದಳು. ಒಬ್ಬೊಬ್ಬರಾಗಿ ಎದ್ದು ನನಗೆ ಕೈ ಮುಗಿಯತೊಡಗಿದರು.

ನನಗೆ ಅರ್ಥವಾಗಲಿಲ್ಲವೆಂದು ತಿಳಿದು ಅವಳೇ ಕನ್ನಡದಲ್ಲಿ ಹೇಳಿದಳು. "ಅಣ್ಣಾ, ಆ ಬಂದ್ ದಿನದ ವಿಷ್ಯ ಅಪ್ಪ ಎಲ್ಲರ ಹತ್ರಾನೂ ಹೇಳ್ತಿದ್ರು. ಅಷ್ಟು ಜನ ನುಗ್ಗಿ ಬಂದ್ರೂ ನೀವು ಅಡ್ಡ ನಿಂತ್ರಂತೆ. ಅಪ್ಪನ ಮೈಮೇಲೆ ಒಂದೇ ಒಂದು ಏಟೂ ಬೀಳೋಕೆ ಬಿಡ್ಲಿಲ್ವಂತೆ."

"ಹೌದಮ್ಮ" ಎಂದೆ.