ಗಟಾರದ ಹೂಳಿನಲ್ಲಿ ಸೀಸ ಕಂಡ ರಹೀಮಾಬಿ

ಸಂಶಿಯ ಅಕ್ಕಸಾಲಿಗರ ಓಣಿಯಲ್ಲಿ ಇನ್ನೂ ಯಾವ ಅಂಗಡಿಯೂ ತೆರೆದಿಲ್ಲ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ ರಹೀಮಾಬಿ ಗಟಾರದ ಹೂಳನ್ನು ಮರದ ಮರಿಗೆಗೆ ತುಂಬಿ, ನೀರು ಸುರಿದು, ತೂಗಿ ತೂಗಿ ತೊಳೆಯುತ್ತಾರೆ. ಹಗುರ ಮಣ್ಣು ಹರಿದುಹೋಗುತ್ತದೆ, ತೂಕದ್ದು ತಳದಲ್ಲಿ ಉಳಿಯುತ್ತದೆ. ಅಂಗಡಿಗಳಲ್ಲಿ ಒಡವೆಗಳನ್ನು ಅರದಿಂದ ಉಜ್ಜುವಾಗ ಉದುರಿ ಗಟಾರ ಸೇರಿದ ಚಿನ್ನದ ಪುಡಿಯೇ ಐವತ್ತೆರಡರ ಈ ವಿಧವೆಯ ಬದುಕು. ಇಡೀ ಬೆಳಗು ತೊಳೆದರೆ ಸಾಸಿವೆ ಕಾಳಿನಷ್ಟು. "ಕೆಲವು ದಿನ ಅದೂ ಇಲ್ರಿ," ಎಂದು ನಗುತ್ತಾರೆ.

ಎರಡು ವರ್ಷದ ಹಿಂದೆ, 1986ರ ಮಳೆಗಾಲ ಮುಗಿದಾಗ, ಮರಿಗೆಯ ತಳದಲ್ಲಿ ಬೂದು ಬಣ್ಣದ ಹರಳು ಕಾಣಿಸಿಕೊಂಡವು.

"ಬೆಳ್ಳಿ ಅಂತ ಖುಷಿ ಆತ್ರಿ. ಉಗುರು ಒತ್ತಿದ್ರ ಅಚ್ಚು ಬಿತ್ತು, ಬೆರಳು ಕರ್ರಗಾತು. ಸೀಸ!"

ಈ ಗಟಾರ ಹೋಗಿ ಸೇರುವುದು ಊರ ಕೆರೆಗೆ. ಅಲ್ಲಿ ನೀರು ಕುಡಿಯುತ್ತಿದ್ದ ಎರಡು ಎಮ್ಮೆಗಳು, ಅದೇ ಊರಿನ ರೇಣುಕವ್ವನವು, ಅದೇ ತಿಂಗಳು ಕಣ್ಣು ಕಾಣದೆ ಗೋಡೆಗೆ ಗುದ್ದಿಕೊಂಡು ಸತ್ತಿದ್ದವು. ಇದಕ್ಕೆ ಸೀಸವೇ ಕಾರಣವಿರಬಹುದೆಂದು ರಹೀಮಾಬಿಗೆ ಸಂಶಯ ಬಂತು. ನಾಲ್ಕು ದಿನ ಗಟಾರದುದ್ದಕ್ಕೂ ನೀರು ಹರಿದುಬರುವ ದಿಕ್ಕಿಗೆ ನಡೆದು, ತಿರುವಿಗೊಂದು ಮರಿಗೆ ಹೂಳು ತೊಳೆದರು. ಹಿಟ್ಟಿನ ಗಿರಣಿಯ ಹತ್ತಿರ ಹರಳು ಹೆಚ್ಚಾದವು. ಗುಡದಪ್ಪನ ತಗಡಿನ ಶೆಡ್ ದಾಟಿದ ಮೇಲೆ ಒಂದೂ ಇಲ್ಲ. ಶೆಡ್ಡಿನೊಳಗೆ ಸೀಸಕ್ಕಾಗಿ ಲಾರಿಯ ಹಳೆ ಬ್ಯಾಟರಿ ಒಡೆದು ತೊಳೆಯುತ್ತಿದ್ದರು.

ಕೇಳಲು ಹೋದ ರಹೀಮಾಬಿಗೆ ಗುಡದಪ್ಪ ಹೇಳಿದ: "ಸುಮ್ನಿರಬೇ. ಪಂಚಾಯತಿಯವ್ರು ಬಂದ್ರ ಗಟಾರಕ್ಕ ಸಿಮೆಂಟ್ ಹಾಕ್ತಾರ. ನಿನ್ನ ಬಂಗಾರನೂ ಹೋಗತೈತಿ."

ಮಾತು ನಿಜವಾಗಿತ್ತು. ಒಂದು ವಾರ ಅವರು ಬಾಯಿ ಬಿಡಲಿಲ್ಲ. "ಆದ್ರ ಎಷ್ಟ ದಿನಾ ಸುಮ್ನಿರೂದ್ರಿ? ಆ ಕೆರಿಯಾಗ ಹುಡುಗ್ರೂ ಈಜ್ತಾರ."

ಎಂಟನೆಯ ದಿನ ಐದು ತಿರುವುಗಳ ಹೂಳನ್ನು ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೈಸ್ಕೂಲಿನ ವಿಜ್ಞಾನ ಮಾಸ್ತರು ಶಂಭುಲಿಂಗಪ್ಪನವರ ಮನೆಗೆ ಹೋದರು. ಮಾಸ್ತರು ಅದನ್ನು ಧಾರವಾಡದಲ್ಲಿ ಪರೀಕ್ಷೆ ಮಾಡಿಸಿದರು. ಶೆಡ್ಡಿನ ಕೆಳಗಿನ ನಾಲ್ಕರಲ್ಲಿ ಸೀಸ ವಿಪರೀತವಿತ್ತು, ಮೇಲಿನದರಲ್ಲಿ ಹೆಸರಿಗಷ್ಟೇ. ವರದಿ ನೋಡಿ ಪಂಚಾಯತಿ ಶೆಡ್ ಮುಚ್ಚಿಸಿತು. ಕೆರೆಯ ಬಾಯಲ್ಲಿದ್ದ ಹೂಳನ್ನೂ ಎತ್ತಿಸಿತು. ಗಟಾರಕ್ಕೆ ಸಿಮೆಂಟೂ ಬಂತು. ಮಣ್ಣಿನ ಗಟಾರ ಉಳಿದಿರುವುದು ಈ ಓಣಿಯ ತುದಿಯಲ್ಲಿ ಮಾತ್ರ. ಮೊದಲು ದಿನಕ್ಕೆ ಇಪ್ಪತ್ತು ಬುಟ್ಟಿ ಹೂಳು ತೊಳೆಯುತ್ತಿದ್ದ ರಹೀಮಾಬಿಗೆ ಈಗ ಎಂಟು ಸಿಕ್ಕರೆ ಹೆಚ್ಚು.

ಪಶ್ಚಾತ್ತಾಪವಿಲ್ಲವೇ ಎಂದು ಕೇಳುತ್ತೇನೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮನೆಯೊಳಗಿನಿಂದ ಪರೀಕ್ಷೆಯ ವರದಿ ತರುತ್ತಾರೆ.

"ಇದರಾಗ ಮಾಸ್ತರು ನನ್ನ ಹೆಸರು ಬರಸ್ಯಾರ್ರಿ, ಹೂಳು ತಂದಾಕಿ ಅಂತ. ನನಗ ಓದಾಕ ಬರೂದಿಲ್ಲ. ಆದ್ರ ಎಲ್ಲಿ ಐತಿ ಅಂತ ಗೊತ್ತೈತಿ."

ಅವರ ಬೆರಳು ತಡವರಿಸದೆ ಮೂರನೆಯ ಸಾಲಿನ ಮೇಲೆ ನಿಲ್ಲುತ್ತದೆ.