ಕತ್ತರಿ ಕೊಡಲೊಲ್ಲದ ಚಕ್ರಕ್ಕ

ಬೀದಿಯವರೆಲ್ಲ ಅವಳನ್ನು ಚಕ್ರಕ್ಕ ಅನ್ನುತ್ತಿದ್ದರು. ‘ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು’ ಎಂದು ಮದುವೆಯಾದ ಹೊಸದರಲ್ಲಿ ಅತ್ತೆ ಆಡಿದ ಮಾತು ಹೆಸರಾಗಿ ನಿಂತುಬಿಟ್ಟಿತು. ಹಳೆಯ ಸೋಫಾ, ಕುರ್ಚಿ, ಬಸ್ಸಿನ ಸೀಟುಗಳಿಗೆ ಹೊಸ ಸ್ಪಂಜು, ಹೊಸ ಬಟ್ಟೆ ಹಾಕಿಕೊಡುವುದು ಅವಳ ಕಸುಬು. ಮಾವನಿಂದ ಕಲಿತದ್ದು. ಮಾವ ತೀರಿಕೊಂಡ ಮೇಲೆ ಅಂಗಡಿ ಅವಳದೇ ಆಯಿತು. ಗಂಡ ವ್ಯಾನು ಓಡಿಸುತ್ತಿದ್ದ. ಪಕ್ಕದ ಬೀದಿಯಲ್ಲಿದ್ದ ನಾದಿನಿ ದಿನಾ ಬಂದು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಉಳಿದದ್ದೆಲ್ಲ ಚಕ್ರಕ್ಕನ ಪಾಲು: ಅಳತೆ, ಬಟ್ಟೆ ತರುವುದು, ಕತ್ತರಿಸುವುದು, ಮೊಳೆ ಹೊಡೆಯುವುದು, ಗಿರಾಕಿಗಳ ಜೊತೆ ಜಗಳ.

ಹೀಗಿರುವಾಗ ಊರಿನ ಹಳೇ ಚಿತ್ರಮಂದಿರದವರು ಬಂದು, ಎಲ್ಲ ಸೀಟುಗಳನ್ನೂ ಹೊಸದು ಮಾಡಿಕೊಡಬೇಕು ಅಂದರು. ಹಿಂದೆಮುಂದೆ ನೋಡದೆ ಹೂಂ ಅಂದಳು. ಮೊದಲ ಸಾಲುಗಳು ಚೆನ್ನಾಗೇ ಆದವು. ಆಮೇಲೆ, ಬಟ್ಟೆ ತರಲು ಹೋದರೆ ಕತ್ತರಿಸುವವರಿಲ್ಲ. ಕತ್ತರಿಸಲು ಕೂತರೆ ಬಟ್ಟೆಯಿಲ್ಲ. ನಾದಿನಿ ಯಂತ್ರದ ಮುಂದೆ ಕೈಕಟ್ಟಿ ಕೂತಿರುತ್ತಿದ್ದಳು. ಕೊನೆಗೊಂದು ದಿನ ಚಿತ್ರಮಂದಿರದ ಮ್ಯಾನೇಜರು ಬಂದು ಉಳಿದ ಸೀಟುಗಳನ್ನೆಲ್ಲ ಲಾರಿಗೆ ಹೇರಿಸಿ ಬೇರೆ ಊರಿನವರಿಗೆ ಕಳಿಸಿಬಿಟ್ಟ. ಬೈಯಲಿಲ್ಲ. “ನಿಮ್ಮ ಕೆಲಸ ಚೆನ್ನಾಗಿದೆ ಅಮ್ಮಾ. ಆದ್ರೆ ಮುಗಿಯಲ್ವಲ್ಲ” ಅಂದ, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಆ ಮಾತು ಹುಳದ ಹಾಗೆ ತಲೆ ಕೊರೆಯತೊಡಗಿತು. ವ್ಯಾಪಾರ ಮಾಡುವುದರಲ್ಲಿ ಏನೋ ಒಂದು ಗುಟ್ಟಿದೆ, ಅದು ತನ್ನೊಬ್ಬಳಿಗೇ ಗೊತ್ತಿಲ್ಲ ಅನ್ನಿಸಿತು. ಯಾರು ಎಲ್ಲಿ ಏನು ಕಲಿಸುತ್ತಾರೆಂದು ಹುಡುಕುವುದೇ ಗೀಳಾಯಿತು. ಬ್ಯಾಂಕಿನವರು ಸಣ್ಣ ಉದ್ದಿಮೆಗಳ ಕಚೇರಿಗೆ ಹೋಗಿ ಅಂದರು. ಕಚೇರಿಯವರು ವರ್ತಕರ ಸಂಘವನ್ನು ಕೇಳಿ ಅಂದರು. ಸಂಘದವರು ಬ್ಯಾಂಕಿನ ದಾರಿ ತೋರಿಸಿದರು. ಇವಳೇನು ಬಿಡುವವಳಲ್ಲ. ಒಂದು ತರಬೇತಿಯಲ್ಲಿ ಫೋನಿನಲ್ಲೇ ಅಂಗಡಿಯ ಪ್ರಚಾರ ಮಾಡುವುದನ್ನು ಕಲಿತು ಬಂದಳು. ಸೋಫಾಗಳ ಫೋಟೋ ನೋಡಿ ಗಿರಾಕಿಗಳು ಹೆಚ್ಚಾದರು, ಕೆಲಸ ಇನ್ನಷ್ಟು ತಡವಾಯಿತು. ಇನ್ನೊಂದರಲ್ಲಿ ಗಿರಾಕಿಯ ಜೊತೆ ಸದಾ ನಗುಮುಖದಿಂದ ಮಾತಾಡಬೇಕೆಂದು ಹೇಳಿಕೊಟ್ಟರು. “ಇನ್ನೊಂದು ವಾರ ಆಗುತ್ತೆ ಸಾರ್” ಎಂದು ಹಲ್ಲು ಕಿರಿದಿದ್ದಕ್ಕೆ ಆ ಮನುಷ್ಯ ಕೆಂಡಾಮಂಡಲವಾಗಿ ಹರಿದ ಕುರ್ಚಿಯನ್ನೇ ಹೊತ್ತುಕೊಂಡು ಹೋದ.

“ನೀನು ಕ್ಲಾಸಿಗೆ ಹೋದಷ್ಟು ನಮ್ಮ ಮಗಳೂ ಶಾಲೆಗೆ ಹೋಗಿಲ್ಲ” ಎಂದು ಗಂಡ ನಗುತ್ತಿದ್ದ. “ಸರ್ಟಿಫಿಕೇಟು ತೂಗು ಹಾಕೋಕೆ ಇನ್ನು ಪಕ್ಕದ ಮನೆ ಗೋಡೆ ಕೇಳಬೇಕು.”

“ನಗಿ, ನಗಿ. ಒಳಗೆ ಕುದೀತಿರೋದು ನನಗೆ ತಾನೇ” ಅನ್ನುತ್ತಿದ್ದಳು. ಊಟಕ್ಕೆ ಕೂತರೂ ಅರ್ಧಕ್ಕೆ ಎದ್ದು ಏನನ್ನೋ ಅಳೆಯಲು ಹೋಗುತ್ತಿದ್ದಳು.

ಅಂಥದೇ ಒಂದು ತರಬೇತಿಯಲ್ಲಿ ಯಾರೋ ಹೇಳಿದರು: ಪಕ್ಕದ ಊರಿನಲ್ಲೊಂದು ಕೇಂದ್ರವಿದೆ, ಸ್ವತಃ ವ್ಯಾಪಾರ ಮಾಡಿದವರೇ ನಿಮ್ಮ ಅಂಗಡಿಗೆ ಬಂದು ಸಲಹೆ ಕೊಡುತ್ತಾರೆ. ಚಕ್ರಕ್ಕ ಮರುದಿನವೇ ಬಸ್ಸು ಹತ್ತಿದಳು. ಕೆಲವು ವಾರದ ಮೇಲೆ ನರೆಗೂದಲಿನ ಹೆಂಗಸೊಬ್ಬರು ಬಂದರು. ಹಿಂದೊಮ್ಮೆ ಬೇಕರಿ ನಡೆಸಿದ್ದವರಂತೆ. ಅರ್ಧ ಸ್ಪಂಜು ತುಂಬಿದ್ದ ಸೋಫಾದ ಮೇಲೆ ಕೂತು, ಮಾತಿಲ್ಲದೆ ನೋಡತೊಡಗಿದರು.

ಚಕ್ರಕ್ಕನಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಒಂದೇ ಅಳತೆಯನ್ನು ಎರಡು ಸಲ ತೆಗೆದಳು, ಫೋನಿಗೆ ಉತ್ತರ ಕೊಟ್ಟಳು, ಮೊಳೆ ಚೆಲ್ಲಿದಳು. ಕೊನೆಗೆ ತಡೆಯದೆ, “ಏನಾದ್ರೂ ಹೇಳಿ. ಬರೀ ನೋಡ್ತಾ ಕೂತ್ರೆ ಹೇಗೆ?” ಅಂದಳು.

“ನೀವು ಒಂದು ಕಡೆ ನಿಂತ್ರೆ ತಾನೇ ಹೇಳೋದು” ಎಂದರು ಬೇಕರಿಯಮ್ಮ. “ನಿಮಗೆ ಜ್ವರ ಬಂದ್ರೆ ಬಟ್ಟೆ ಯಾರು ಕತ್ತರಿಸ್ತಾರೆ?”

“ನನಗೆ ಜ್ವರ ಬರಲ್ಲ.”

ಯಂತ್ರದ ಕಡೆಯಿಂದ ನಾದಿನಿ ಬಾಯಿ ಹಾಕಿದಳು. “ಬರುತ್ತೆ. ಬಂದಾಗ ಅಂಗಡಿ ಮುಚ್ತೀವಿ.”

“ಹಾಗಾದ್ರೆ ಕತ್ತರಿ ಇವರ ಕೈಗೆ ಕೊಡಿ.”

“ಬಟ್ಟೆ ಒಂದ್ಸಲ ಕತ್ತರಿಸಿದ್ರೆ ಮುಗೀತು! ಮತ್ತೆ ಕೂಡಿಸೋಕಾಗಲ್ಲ.”

ಬೇಕರಿಯಮ್ಮ ತಮ್ಮ ಬಲಗೈ ಮುಂದೆ ಚಾಚಿದರು. “ಹಿಟ್ಟಿನ ಹದ ನನ್ನ ಕೈಗಷ್ಟೇ ಗೊತ್ತಿತ್ತು. ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಜಾರಿ ಬಿದ್ದು ಕೈ ಮುರಿದುಕೊಂಡೆ. ಕೈ ಕೂಡಿಕೊಳ್ತು, ಬೇಕರಿ ಕೂಡಿಕೊಳ್ಳಲಿಲ್ಲ. ಬಟ್ಟೆ ಹಾಳಾಗುತ್ತೆ ತಾನೇ? ಆಗ್ಲಿ.”

ಚಕ್ರಕ್ಕ ಅವರನ್ನು ಬಸ್ಸಿಗೆ ಕಳಿಸುವಾಗ ಮುಖ ಕೊಟ್ಟು ಮಾತಾಡಲಿಲ್ಲ. ಇಷ್ಟು ಕೇಳೋಕೆ ಅಷ್ಟೆಲ್ಲ ಅಲೆದೆನಾ ಅನ್ನಿಸಿತ್ತು. ಆದರೂ ಆ ವಾರವೇ, ದಂತವೈದ್ಯರ ಕಾಯುವ ಕೋಣೆಯ ಬೆಂಚಿನ ಬಟ್ಟೆಯನ್ನು ನಾದಿನಿಯ ಮುಂದೆ ಹಾಸಿ, ಕತ್ತರಿ ಕೊಟ್ಟು, ಅವಳ ಬೆನ್ನ ಹಿಂದೆಯೇ ನಿಂತಳು. ಬಟ್ಟೆಯ ಮೇಲೆ ಸಣ್ಣ ಸಣ್ಣ ಹಕ್ಕಿಗಳಿದ್ದವು. ಬೆಂಚಿಗೆ ಹೊದಿಸಿ ನೋಡಿದರೆ ಹಕ್ಕಿಗಳೆಲ್ಲ ತಲೆಕೆಳಗು.

“ಕಣ್ಣು ಎಲ್ಲಿಟ್ಟಿದ್ದೆ?”

“ನೀವು ಕತ್ತಿನ ಮೇಲೆ ಉಸಿರು ಬಿಡ್ತಾ ನಿಂತ್ರೆ ಕಣ್ಣು ಬಟ್ಟೆ ಮೇಲಿರುತ್ತಾ ಅತ್ತಿಗೆ?” ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ನಾದಿನಿ ಹೊರಟೇಹೋದಳು.

ಸಂಜೆಯವರೆಗೆ ಚಕ್ರಕ್ಕ ಅಂಗಡಿಯುದ್ದಕ್ಕೂ ತಿರುಗಿದಳು. ಮಿಕ್ಕಿದ್ದ ಹಕ್ಕಿ ಬಟ್ಟೆಯನ್ನು ತಾನೇ ಕತ್ತರಿಸಬಹುದಿತ್ತು, ಕೈ ಏಳಲಿಲ್ಲ. ಕೊನೆಗೆ ನಾದಿನಿಯ ಮನೆಬಾಗಿಲಿಗೆ ಹೋಗಿ ನಿಂತಳು. ತಪ್ಪಾಯಿತು ಅನ್ನಲು ನಾಲಗೆ ಹೊರಳಲಿಲ್ಲ.

“ನಾಳೆ ನಾನು ಅಂಗಡೀಲಿರಲ್ಲ. ಬೇರೆ ಕೆಲಸಕ್ಕೆ ಬಟ್ಟೆ ತರೋಕೆ ಪೇಟೆಗೆ ಹೋಗ್ತೀನಿ. ಬೆಂಚಿನದ್ದು ನೀನೇ ಕತ್ತರಿಸು.”

“ಮತ್ತೆ ಹಾಳಾದ್ರೆ?”

“ಮತ್ತೆ ತರ್ತೀನಿ.” ಅಷ್ಟು ಹೇಳಿ ಚಕ್ರಕ್ಕ ತಿರುಗಿ ನೋಡದೆ ಹೊರಟಳು.

ಮರುದಿನ ಪೇಟೆಯಲ್ಲಿ ಅವಳು ಏನನ್ನು ಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ಮತ್ತೆ ಮತ್ತೆ ಫೋನು ತೆಗೆದಳು, ಮತ್ತೆ ಮತ್ತೆ ಚೀಲಕ್ಕೆ ಹಾಕಿದಳು. ಬಂದು ನೋಡಿದರೆ ಹಕ್ಕಿಗಳು ಕಾಲ ಮೇಲೆ ನಿಂತಿದ್ದವು. “ಈ ಮೂಲೆ ಸ್ವಲ್ಪ ಸೊಟ್ಟ ಆಗಿದೆ” ಎಂದು ನಾದಿನಿಯೇ ತೋರಿಸಿದಳು. ಚಕ್ರಕ್ಕ ತುಟಿ ಕಚ್ಚಿಕೊಂಡು, “ಮೂಲೇಲಿ ಯಾರೂ ಕೂರಲ್ಲ ಬಿಡು” ಅಂದಳು.

ಪವಾಡವೇನೂ ನಡೆಯಲಿಲ್ಲ. ಎಷ್ಟೋ ಬಟ್ಟೆ ಹಾಳಾಯಿತು, ಎಷ್ಟೋ ಸಲ ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತಿತು. ಆದರೆ ಮರುವರ್ಷ ಬಸ್ ಕಂಪನಿಯವರ ಸೀಟುಗಳು ಹೇಳಿದ ದಿನಕ್ಕೆ ಮುಗಿದವು.

ಅಲ್ಲಿಗೆ ಇನ್ನೊಂದು ತೊಂದರೆ ಶುರುವಾಯಿತು. ಮಧ್ಯಾಹ್ನದ ಹೊತ್ತು ಚಕ್ರಕ್ಕನ ಕೈಗೆ ಕೆಲಸವಿಲ್ಲ. ಬೀದಿಯ ಅಂಗಡಿಗಳಿಗೆ ನುಗ್ಗತೊಡಗಿದಳು. ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಯಾವ ತರಬೇತಿ ಬರೀ ಮಾತು, ಯಾವುದು ಕೆಲಸಕ್ಕೆ ಬರುತ್ತದೆ ಎಲ್ಲವೂ ಅವಳಿಗೆ ಬಾಯಿಪಾಠ. ಬೀಗ ರಿಪೇರಿಯವನನ್ನು ಬಲವಂತವಾಗಿ ಕೇಂದ್ರಕ್ಕೆ ಹೊರಡಿಸಿದಳು, ಅವನಿಗೆ ಉಪಕಾರವಾಯಿತು. ಗಾಜಿನ ಅಂಗಡಿಯವನು ಎಲ್ಲ ಸಲಹೆ ಕೇಳಿಯೂ ಬಾಗಿಲು ಮುಚ್ಚಬೇಕಾಯಿತು, ಅವಳನ್ನು ಬೈದ. ಆ ಬೈಗುಳ ಹೊತ್ತುಕೊಂಡು ಬಹಳ ದಿನ ಚಡಪಡಿಸಿದಳು. ಆಮೇಲೆ ಚಪ್ಪಲಿ ಹೊಲಿಯುವವಳನ್ನು ಹಿಡಿದಳು. ಅವಳೋ ಹೆದರುಪುಕ್ಕಲಿ. “ನೀನು ಹೊರಗಡೆ ಇರ್ತೀಯಾ ಅಂದ್ರೆ ಬರ್ತೀನಿ” ಎಂದು ಮಾತು ತೆಗೆದುಕೊಂಡೇ ತರಬೇತಿಗೆ ಹೋದಳು.

ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಚಕ್ರಕ್ಕನ ತಲೆ ಕಿಟಕಿಯಲ್ಲಿ ಕಾಣಿಸಿತು. ಆಮೇಲೆ ಇನ್ನೊಂದು ಕಿಟಕಿಯಲ್ಲಿ. ಪಾಠ ಹೇಳುವವರು ಬಾಗಿಲು ತೆರೆದು, “ಅಮ್ಮಾ, ಒಳಗೆ ಬಂದು ಕೂತ್ಕೊಳ್ಳಿ, ಇಲ್ಲ ಮನೆಗೆ ಹೋಗಿ” ಅಂದರು.

ಚಕ್ರಕ್ಕ ಒಳಗೆ ಬಂದಳು. ಕೂರಲಿಲ್ಲ.